ಕೇಳುವವರಿಗೊಂದು ಬೆಂಚು

“ಓದ್ಲಿಕ್ಕೆ ಬಾರದವರು ಇದರಲ್ಲಿ ಕೂತುಕೊಳ್ಳಬಹುದಾ ಸರ್?”

ಕದ್ರಿ ಬಳಿಯ ಗ್ರಂಥಾಲಯದ ಅಂಗಳಕ್ಕೆಂದು ನಾನು ವಿನ್ಯಾಸ ಮಾಡಿದ ಓದುಗೂಡನ್ನು, ಕೂತು ಓದಲು ಚಕ್ರದ ಮೇಲಿಟ್ಟ ಪುಟ್ಟ ಗೂಡನ್ನು, ಮರದ ನೆರಳಿಗೆ ತಳ್ಳುತ್ತಿದ್ದಾಗ ಅಜ್ಜಿಯೊಬ್ಬರು ಕೇಳಿದರು. ಗೂಡಿನಲ್ಲಿದ್ದದ್ದು ಒಬ್ಬರಿಗಷ್ಟೇ ಆಗುವ ಆಸನ. ಕೂತುಕೊಳ್ಳಿ ಎಂದರೆ ಅವರು ಒಪ್ಪಲಿಲ್ಲ.

“ನೀವು ಕೂತು ಪೇಪರ್ ಓದಿ, ನಾನು ಕೇಳ್ತೇನೆ. ನಾನು ಬೀಡಿ ಕಟ್ಟುವಾಗ ಮಗಳು ಓದಿ ಹೇಳ್ತಿದ್ದಳು. ಈಗ ಓದುವವರು ಯಾರುಂಟು ಮಾರಾಯ್ರೆ?”

ನಾನು ಕೂತು ಓದಿದೆ. ಅವರು ಗೂಡಿನ ಕಂಬ ಹಿಡಿದು ನಿಂತೇ ಕೇಳಿದರು. ಪುಟ ಮುಗಿದಾಗ “ಬೊಕ್ಕ?” ಎಂದು ಮುಂದಿನ ಸುದ್ದಿ ಕೇಳಿದರು. ದೇರೆಬೈಲಿನ ನಮ್ಮ ಜಗಲಿಯಲ್ಲಿ, ಓದು ಬಾರದ ಅಮ್ಮ ಬೀಡಿ ಕಟ್ಟುತ್ತ, ಪೇಪರ್ ಓದಿ ಹೇಳುತ್ತಿದ್ದ ನನ್ನನ್ನು ಹೀಗೆಯೇ ಕೇಳುತ್ತಿದ್ದಳು.

ಎರಡನೆಯ ಗೂಡಿಗೆ ಎದುರುಬದುರು ಎರಡು ಬೆಂಚು ಹಾಕಿಸಿದ್ದೇನೆ. ಮೊದಲನೆಯದರ ನಕ್ಷೆ ಬಿಡಿಸುವಾಗ ಅಮ್ಮ ನೆನಪಾಗಿರಲಿಲ್ಲ.