ಕ್ಯಾಸೆಟ್ಟಿನ ಇನ್ನೊಂದು ಮಗ್ಗುಲು

ಶಲವಡಿಯ ನಮ್ಮ ಮನೆಯಲ್ಲಿ ಅವ್ವನ ದನಿಯ ಕ್ಯಾಸೆಟ್ಟು ಅಡುಗೆಮನೆಯ ಜೋಳದ ಅರಳು ಬೀಸಿದ ಅಳ್ಳಿಟ್ಟಿನ ಡಬ್ಬಿಯ ಹಿಂದೆ ಇರುತ್ತದೆ. ದೇವರ ಜಗಲಿಯ ಮೇಲಿಡುವ ಧೈರ್ಯ ನನಗೆ ಎಂದೂ ಬಂದಿಲ್ಲ. ಅದರ ಒಂದು ಮಗ್ಗುಲಲ್ಲಿ ಬೀಸುವ ಪದಗಳಿವೆ, ಇನ್ನೊಂದರಲ್ಲಿ ಅಪ್ಪ ತೀರಿಕೊಂಡ ದಿನ ಅವ್ವ ಹಾಡ್ಯಾಡಿ ಅತ್ತದ್ದಿದೆ. ಬಾಣಂತಿಯಾಗಿದ್ದ ಅಕ್ಕ ಮಣ್ಣಿಗೆ ಬರಲಾರದೆ ಹೋದಳಲ್ಲ, ಅವಳಿಗೆಂದು ತುಂಬಿಸಿದ್ದು. ಕೇಳಲಾರೆನೆಂದು ಅವಳು ಹಿಂದಿರುಗಿಸಿದಳು. ಸತ್ತವರ ಗುಣಗಳನ್ನು ಹಾಡುತ್ತಾ ಅಳುವುದು, ಓದುಗ ಮಿತ್ರರೆ, ನಮ್ಮಲ್ಲಿ ಹೆಣದ ಮುಂದೆ ಮಾತ್ರ. ಸಾವಿಲ್ಲದ ಮನೆಯಲ್ಲಿ ಆ ದನಿ ತೆಗೆದರೆ ಸಾವಿಗೆ ವೀಳ್ಯ ಕೊಟ್ಟು ಕರೆದಂತೆ ಎಂದು ಅವ್ವನೇ ಈಗಲೂ ಗದರುತ್ತಾಳೆ.

ಮುಂದಿನ ಓಣಿಯ ಶಬಾನಾ ಹಿಪ್‌ಹಾಪ್ ಹಾಡುಗಾರ್ತಿ; ಹೊಟ್ಟೆಪಾಡಿಗೆ ತಾಯಿಯೊಡನೆ ಜಮಖಾನ ನೇಯುತ್ತಾಳೆ. ತನ್ನ ಆಲ್ಬಮ್ಮಿಗೆ ಹಳೆಯ ದನಿಗಳ ತುಣುಕು ಬೇಕೆಂದು ಬಂದಾಗ, ಬೀಸುವ ಪದಗಳ ಗುಂಗಿನಲ್ಲಿ ಕ್ಯಾಸೆಟ್ಟು ಕೊಟ್ಟುಬಿಟ್ಟೆ. ಹಿಂದಿನ ಮಗ್ಗುಲು ನೆನಪಾಗಲೇ ಇಲ್ಲ. ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ!

ಅವಳು ಆರಿಸಿದ್ದು ಆ ಅಳುವನ್ನೇ. ಮಗ್ಗದಲ್ಲಿ ಎಳೆ ಬಡಿಯುವ ಪಂಜಾದ ಸಪ್ಪಳವೇ ತಾಳ, ಅದರ ಮೇಲೆ ಶಬಾನಾಳ ಬಿರುಸಿನ ಮಾತು, ನಡುನಡುವೆ ಅಪ್ಪನನ್ನು ಕರೆಯುವ ಅವ್ವ. ಹೆಸರುಗಳ ಪಟ್ಟಿಯಲ್ಲಿ ‘ಅತಿಥಿ ಗಾಯಕಿ: ನೀಲವ್ವ’ ಎಂದು ಅವ್ವನ ಹೆಸರೂ ಇತ್ತು. ಕರೆಯದೆಯೇ ಕೂರಿಸಿದ ಅತಿಥಿ! ಹಾಡು ಕೆಟ್ಟದಾಗಿದ್ದರೆ ತಾನೇ ಸಾಯುತ್ತಿತ್ತು. ಚೆನ್ನಾಗಿತ್ತು ಎನ್ನುವುದೇ ಭಯ. ತಿಂಗಳೊಳಗೆ ಅಣ್ಣಿಗೇರಿಯ ಹರೆಯದವರು ತಮ್ಮ ತಮ್ಮ ಅಜ್ಜಿಯರ ದನಿ ಸೇರಿಸಿ ಅದೇ ಧಾಟಿಯಲ್ಲಿ ಹಾಡು ಕಟ್ಟತೊಡಗಿದರು, ನಮ್ಮೂರ ಟ್ರ್ಯಾಕ್ಟರುಗಳಲ್ಲೆಲ್ಲ ಅವ್ವ ಅಳತೊಡಗಿದಳು. ಟ್ರ್ಯಾಕ್ಟರಿನ ಸದ್ದಾದರೆ ಸಾಕು, ಅವ್ವನ ಕಿವಿಗೆ ಬೀಳದಿರಲೆಂದು ಓಡಿಹೋಗಿ ಬಾಗಿಲು ಮುಂದೆ ಮಾಡುತ್ತಿದ್ದೆ. ಗಂಡನ ಹೆಣದ ಮುಂದೆ ಅತ್ತದ್ದನ್ನು ಮಗ ಬೀದಿಪಾಲು ಮಾಡಿದನೆಂದು ತಿಳಿದರೆ ಅವಳ ಜೀವ ತಡೆದೀತೆ?

ಮೊನ್ನೆ ಮುಂಜಾನೆ ಅವಳು ಕಟ್ಟೆಯ ಮೇಲೆ ಕಡಲೆ ಕೇರುತ್ತಿದ್ದಾಗ ಟ್ರ್ಯಾಕ್ಟರೊಂದು ಎದುರಿಗೇ ಬಂದು ನಿಂತಿತು. ಅವಳ ಕೈಯಲ್ಲಿನ ಮೊರವೂ ನಿಂತಿತು.

“ಇದು ನನ್ನ ದನಿ ಅಲ್ಲೇನೋ?”

“ಹೌದಬೇ. ತಪ್ಪಾತು. ನಾನ ಕೊಟ್ಟೆ.”

ಹಾಡನ್ನು ಅವಳು ಕೊನೆಯವರೆಗೂ ಕೇಳಿದಳು. ಆಮೇಲೆ ಅಂದಳು: “ನಿಮ್ಮಪ್ಪಗ ನಾ ಇದ್ದೆ. ನಾ ಹ್ವಾದಾಗ ಹಾಡ್ಯಾಡಿ ಅಳಾಕ ಈ ಮನ್ಯಾಗ ಯಾರಿಗೆ ಬರ್ತೈತಿ? ಅವತ್ತ ಇದನ್ನ ಹಚ್ಚು. ಅಲ್ಲೀತನಾ ಜ್ವಾಕಿ ಇಡು.”

ಮತ್ತೆ ಕಡಲೆ ಕೇರತೊಡಗಿದಳು.

ಶಬಾನಾ ಹಿಂದಿರುಗಿಸಿದ ಕ್ಯಾಸೆಟ್ಟು ಮತ್ತೆ ಡಬ್ಬಿಯ ಹಿಂದೆಯೇ ಇದೆ. ಅವಳು ಕೇಳಿಬಿಟ್ಟಾಳೆಂದು ಹೆದರುತ್ತಿದ್ದವನು, ಅವಳು ಕೇಳಲಾರದ ದಿನ ಅದನ್ನು ನಾನೇ ಹಚ್ಚಬೇಕಲ್ಲ ಎಂದು ಈಗ ಹೆದರುತ್ತೇನೆ. ಅಳ್ಳಿಟ್ಟು ಬೇಕೆನಿಸಿದರೆ ಹೆಂಡತಿಯನ್ನು ಕಳಿಸುತ್ತೇನೆ.