ಉದಗೀರದ ಸುಶೀಲಾ

ಭೂಕಂಪವಾದ ಮರುವರ್ಷ, ಚಳಿ ಹತ್ತಿದ್ದ ಒಂದು ಮುಂಜಾನೆ, ನಾನು ಉದಗೀರದ ಬಸ್ ನಿಲ್ದಾಣದ ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದೆ. ನನ್ನ ಸೋದರತ್ತೆ ಸ್ವಲ್ಪ ಮುಂದೆ, ಕಾಂಪೌಂಡ್ ಗೋಡೆಗೆ ಬಲ ಅಂಗೈ ಹಚ್ಚಿ ನಿಂತಿದ್ದಳು. ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ. ಗೋಡೆ ಸುಮ್ಮನಿದೆ ಎಂದು ಖಾತ್ರಿಯಾದ ಮೇಲೆಯೇ ಅದರ ಪಕ್ಕದಲ್ಲಿ ನಡೆದಳು. ಆಗ ಅವಳು ಯಾವ ಗೋಡೆಯನ್ನೂ ಹಾಗೆ ಮುಟ್ಟಿ ನೋಡದೆ ದಾಟುತ್ತಿರಲಿಲ್ಲ.

ಅತ್ತೆಯನ್ನು ಕೊಟ್ಟದ್ದು ನಿಲಂಗಾ ಕಡೆಯ ಒಂದು ಹಳ್ಳಿಗೆ. ಮಾವ ಕಾಳಿನ ವ್ಯಾಪಾರಿ. ಮಕ್ಕಳಾಗಲಿಲ್ಲ. ಭೂಕಂಪವಾದ ರಾತ್ರಿ ಅತ್ತೆ ಉಮರ್ಗಾದ ನಮ್ಮ ಮನೆಯಲ್ಲಿದ್ದಳು. ಅಜ್ಜಿಗೆ ಮೈ ಸರಿಯಿರಲಿಲ್ಲ ಎಂದು ಬಂದಿದ್ದಳು. ನಮ್ಮ ಮನೆಯ ಗೋಡೆ ಸೀಳಿತು, ಆದರೆ ನಿಂತಿತು. ಮಾವನ ಕಲ್ಲಿನ ಮನೆ ನಿಲ್ಲಲಿಲ್ಲ. ಅಪ್ಪ ಅವಳನ್ನು ಕರೆದುಕೊಂಡು ಆ ಊರು ಮುಟ್ಟುವ ಹೊತ್ತಿಗೆ, ಬಿದ್ದ ಮನೆಗಳ ತೊಲೆ ಜಂತಿಗಳನ್ನೇ ಒಟ್ಟಿ ಸತ್ತವರನ್ನೆಲ್ಲ ಸುಟ್ಟಾಗಿತ್ತು.

ನಾವು ಲಿಂಗವಂತರು, ಹೂಳುವ ಮಂದಿ. ಸತ್ತವರನ್ನು ಕೂರಿಸಿ ಮಣ್ಣು ಕೊಡುತ್ತೇವೆ. ಅಮಾವಾಸ್ಯೆಗೆ ಆ ಗದ್ದಿಗೆಯ ಮೇಲೆ ಅವರಿಗೆ ಸೇರುತ್ತಿದ್ದ ಅಡುಗೆಯ ಎಡೆ ಇಡುತ್ತೇವೆ. ಮಾವನಿಗೆ ಗದ್ದಿಗೆ ಇಲ್ಲ. ಸುಟ್ಟವರದು ತಪ್ಪೆಂದು ಯಾರೂ ಹೇಳಲಿಲ್ಲ, ಅತ್ತೆಯೂ ಹೇಳಲಿಲ್ಲ. ಹೆಣಗಳು ಬಹಳ, ಮಳೆ ಹಿಡಿದಿತ್ತು, ಬೇರೆ ದಾರಿ ಇರಲಿಲ್ಲ. ಆದರೆ ಮೊದಲ ಅಮಾವಾಸ್ಯೆಗೆ ಅವಳು ಹೋಳಿಗೆ ಮಾಡಿ, ತಾಟು ಹಿಡಿದು ಅಂಗಳದಲ್ಲಿ ನಿಂತು ಅಪ್ಪನನ್ನು ಕೇಳಿದಳು: "ಎಲ್ಲಿ ಇಡಬೇಕು ಅಣ್ಣಾ?" ಹೋಳಿಗೆ ಆರಿದ ಮೇಲೆ ಅವಳು ಅದನ್ನು ಆಕಳಿಗೆ ಹಾಕಿದಳು. ನಮ್ಮ ಅಂಗಳದಲ್ಲಿ ತಗಡಿನ ಶೆಡ್ಡು ಹಾಕಿಸಿಕೊಂಡು ಅಲ್ಲೇ ಉಳಿದಳು. ಮನೆಯೊಳಗೆ ಬಾ ಎಂದರೆ ಹೊಸ್ತಿಲವರೆಗೆ ಬಂದು ಹಿಂದಿರುಗುತ್ತಿದ್ದಳು.

ಅವಳು ಮದುವೆಯಾದ ಹೊಸತರ ಒಂದು ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಮಾವ ಒಂದು ಸಂಜೆ ಉದಗೀರದ ಪೇಟೆಯಿಂದ ತಡವಾಗಿ ಬಂದು, "ಊಟ ಬ್ಯಾಡ, ಸುಶೀಲಾ ಹೊಟ್ಟಿ ತುಂಬಿಸಿ ಕಳಿಸ್ಯಾಳ" ಎಂದನಂತೆ. ಅತ್ತೆ ಮಾತು ಬಿಟ್ಟಳು, ಊಟ ಬಿಟ್ಟಳು. ಕೊನೆಗೆ ಮಾವನ ತಾಯಿಯ ಹತ್ತಿರ ಹೋಗಿ, "ಆ ಸುಶೀಲಾ ಯಾರ ಮಗಳ್ರೀ?" ಎಂದು ಕೇಳಿದಾಗ ಮುದುಕಿ ಸೆರಗು ಬಾಯಿಗಿಟ್ಟು ನಕ್ಕಳಂತೆ. ಚುರುಮುರಿ ನೆನೆಸಿ ಒಗ್ಗರಣೆ ಕೊಟ್ಟ ತಿಂಡಿಗೆ ನಮ್ಮಲ್ಲಿ ಸುಸಲಾ ಎನ್ನುತ್ತೇವೆ. ಉದಗೀರದ ಕಡೆ ಅದೇ ಸುಶೀಲಾ. ಅಂದಿನಿಂದ ಮಾವ ಪೇಟೆಗೆ ಹೊರಟಾಗಲೆಲ್ಲ, "ನಿನ್ನ ಸವತಿನ್ನ ಒಮ್ಮಿ ತೋರಸ್ತೀನಿ" ಎನ್ನುತ್ತಿದ್ದ. ಒಂದು ವರ್ಷ ಸುಗ್ಗಿಯ ರಾಶಿ ಅಡ್ಡ ಬಂತು, ಒಂದು ವರ್ಷ ಯಾರದೋ ಮದುವೆ. ತೋರಿಸಲಿಲ್ಲ.

ಆ ಚಳಿಗಾಲದಲ್ಲಿ ಅತ್ತೆಯೇ ನನ್ನನ್ನು ಕರೆದಳು. "ತಮ್ಮಾ, ಉದಗೀರಕ್ಕ ಕರಕೊಂಡು ಹೋಗ್ತೀ? ನಿಮ್ಮ ಮಾಮಾ ತಿಂದದ್ದೆಲ್ಲ ಒಂದಿನ ತಿರುಗ್ಯಾಡಿ ತಿಂದು ಬರೂನು."

ಅವಳು ಆ ಊರನ್ನು ಕಂಡವಳಲ್ಲ. ಆದರೂ ಮುಂದೆ ನಡೆದವಳು ಅವಳೇ. ಪ್ರತಿ ಸಂತೆಯ ಸಂಜೆ ಮಾವ ಹೇಳಿದ್ದನ್ನು ಕೇಳಿ ಕೇಳಿ ಅವಳಿಗೆ ಬೀದಿಗಳು ಬಾಯಿಪಾಠವಾಗಿದ್ದವು. ಕೋಟೆಯ ಗೋಡೆಯಿಂದ ದೂರ ನಿಂತು ಉಪ್ಪು ಖಾರ ಹಚ್ಚಿದ ಪೇರಲ ತಿಂದೆವು. ಬಿಸಿಲು ಕಾಯಿಸುತ್ತ ಕಬ್ಬಿನ ಹಾಲು ಕುಡಿದೆವು. "ಇಲ್ಲಿ ಎಡಕ್ಕ ಹೊಳ್ಳಿದ್ರ ಜಿಲೇಬಿ ಅಂಗಡಿ" ಎಂದಳು. ಹೊರಳಿದೆವು. ಅಲ್ಲಿ ಚಪ್ಪಲಿ ಅಂಗಡಿಯಿತ್ತು.

"ಹೋಗ್ಲಿ ಬಿಡು," ಎಂದಳು ಅತ್ತೆ. "ಜಿಲೇಬಿ ತಿಂದು ಬಂದ್ರ ರಾತ್ರಿಯೆಲ್ಲಾ ಹಲ್ಲು ಹಿಡ್ಕೊಂಡು ಕುಂದರ್ತಿದ್ರು." ಭೂಕಂಪದ ನಂತರ ಅವಳು ನಕ್ಕದ್ದನ್ನು ನಾನು ಕಂಡದ್ದು ಅಲ್ಲಿಯೇ.

ಮಧ್ಯಾಹ್ನದ ಹೊತ್ತಿಗೆ ಹಳೆಯ ಪೇಟೆಯ ಒಂದು ಗಲ್ಲಿಗೆ, ಸುಶೀಲಾದ ಹೋಟೆಲಿನ ಮುಂದೆ ಬಂದೆವು. ತಗ್ಗು ಬಾಗಿಲು, ಕಲ್ಲಿನ ಗೋಡೆ, ಹೊಗೆಗೆ ಕಪ್ಪಾದ ತೊಲೆಗಳು. ಒಳಗೆ ಭರ್ರೆನ್ನುವ ಸ್ಟೋವಿನ ಮುಂದೆ ಅತ್ತೆಯದೇ ವಯಸ್ಸಿನ ಒಡತಿ ಕೂತಿದ್ದಳು. ಅತ್ತೆ ಬೀದಿಯಲ್ಲೇ ನಿಂತು ಕೇಳಿದಳು.

"ಯಕ್ಕಾ, ನಿಲಂಗಾ ಕಡಿಂದ ಒಬ್ರು ಕಾಳಿನ ಸಾವಕಾರ್ರು ಬರ್ತಿದ್ರು. ಖಾರ ಜಾಸ್ತಿ ಬೇಡ್ತಿದ್ರು."

"ಮೆಣಸಿನಕಾಯಿ ಸಾವಕಾರ್ರು? ಅವರ ಪತ್ತೇನೇ ಇಲ್ಲ ನೋಡ್ರಿ ಈಗ. ಮನಿಯವರನ್ನ ಕರಕೊಂಡು ಬರ್ತೀನಿ, ಆಕಿಗಿ ಇಲ್ಲಿ ಒಬ್ಬಾಕಿ ಮ್ಯಾಲ ಸಿಟ್ಟದ ಅಂತಿದ್ರು. ನನ್ನ ಮ್ಯಾಲೇ ಇರಬೇಕಂತ ನಾ ಅಂಜಿದ್ದೆ."

"ಆ ಸಿಟ್ಟಿನಾಕಿ ನಾನೇ," ಎಂದಳು ಅತ್ತೆ.

ಒಡತಿ ನಗುತ್ತ ತಲೆಯೆತ್ತಿದಳು. ಅತ್ತೆಯ ಹಣೆಯಲ್ಲಿ ವಿಭೂತಿಯಷ್ಟೇ ಇತ್ತು. ಒಡತಿಯ ನಗು ನಿಂತಿತು. "ಭೂಕಂಪದಾಗ?" ಎಂದು ಮೆಲ್ಲಗೆ ಕೇಳಿದಳು. ಅತ್ತೆ ತಲೆಯಾಡಿಸಿದಳು.

"ಎಲ್ಲಿ ಕುಂದರ್ತಿದ್ರು ಅವರು?"

"ಆ ಮೂಲ್ಯಾಗಿನ ಬೆಂಚಿನ ಮ್ಯಾಲ. ನೀವು ಹೊರಗೇ ಕುಂದರ್ರಿ ಅವ್ವಾ, ನಾ ತಂದು ಕೊಡ್ತೀನಿ."

"ಬ್ಯಾಡ ಯಕ್ಕಾ. ಅವರು ಕುಂತಲ್ಲೇ ಇಡಬೇಕು."

ಆಗ ನನಗೆ ತಿಳಿಯಿತು, ಅವಳು ಎಡೆ ಇಡಲು ಬಂದಿದ್ದಾಳೆ. ಬಾಗಿಲ ಚೌಕಟ್ಟಿಗೆ ಅಂಗೈ ಹಚ್ಚಿದಳು. ಸ್ಟೋವಿನ ಸದ್ದಿಗೆ ಚೌಕಟ್ಟು ಸಣ್ಣಗೆ ನಡುಗುತ್ತಿತ್ತು. ಅವಳು ಕೈ ಹಿಂದೆಗೆದು, ಮತ್ತೆ ಹಚ್ಚಿದಳು. "ನಾ ಇಟ್ಟು ಬರ್ತೀನಿ ಅತ್ತಿ," ಎಂದೆ. ಅವಳು ನನ್ನ ಕಡೆ ನೋಡಲಿಲ್ಲ. "ನಾ ಇಟ್ರೇ ಅವರಿಗಿ ಮುಟ್ಟೋದು ತಮ್ಮಾ."

ಒಡತಿ ಇಬ್ಬರನ್ನೂ ನೋಡಿ, ಕೈ ಚಾಚಿ ಸ್ಟೋವ್ ಆರಿಸಿದಳು. ಹೋಟೆಲು ಒಮ್ಮೆಲೇ ಗಪ್ಪಾಯಿತು. "ಈಗ ಬರ್ರಿ ಅವ್ವಾ," ಎಂದಳು. "ಏನೂ ಅಳಗ್ಯಾಡಂಗಿಲ್ಲ."

ಅತ್ತೆ ತಲೆ ತಗ್ಗಿಸಿ ಒಳಗೆ ಹೋದಳು. ಮೂಲೆಯ ಬೆಂಚಿನ ಮೇಲೆ ಒಡತಿ ಬಡಿಸಿಕೊಟ್ಟ ಒಂದು ಪ್ಲೇಟು ಇಟ್ಟು, ಕೊರಳ ಲಿಂಗವನ್ನು ಕಣ್ಣಿಗೊತ್ತಿಕೊಂಡಳು. "ತಡಾ ಆತ್ರೀ," ಎಂದಳು. "ಉಣ್ರಿ." ಆಮೇಲೆ ಆ ಪ್ಲೇಟಿನ ಪಕ್ಕದಲ್ಲಿ ಕೂತು, ತನ್ನ ಪಾಲಿನ ಸುಶೀಲಾವನ್ನು ಒಂದು ಅಗುಳು ಬಿಡದೆ ತಿಂದಳು. ಕಣ್ಣು ಒರೆಸಿಕೊಂಡು, "ಖಾರ ಭಾಳ ಆಗೇದ ಯಕ್ಕಾ," ಎಂದಳು.

"ಅವರ ಅಳತಿನೇ ಹಾಕೀನ್ರೀ," ಎಂದಳು ಒಡತಿ.

ಅತ್ತೆ ಆಮೇಲೆ ಬಹಳ ವರ್ಷ ಬದುಕಿದಳು. ಮತ್ತೆ ಯಾವ ಕಲ್ಲಿನ ಸೂರಿನ ಕೆಳಗೂ ಹೋಗಲಿಲ್ಲ. ಹಾಸಿಗೆ ಹಿಡಿದಾಗ ನನ್ನನ್ನು ಕರೆದು ಒಂದೇ ಮಾತು ಕೇಳಿಕೊಂಡಳು: "ಕುಣಿ ಸ್ವಲ್ಪ ಅಗಲ ತೋಡಸು ತಮ್ಮಾ. ಇಬ್ಬರು ಕುಂದರ್ಬೇಕು." ಉಮರ್ಗಾದ ನಮ್ಮ ಹೊಲದ ಬದುವಿನಲ್ಲಿ ಅಗಲವಾಗಿಯೇ ತೋಡಿಸಿದೆ. ತೋಡುವವರು ಯಾಕೆಂದು ಕೇಳಿದರು. ಅಳತೆಗೆ ನಾನೇ ಗೂಟ ಹೊಡೆದು ತೋರಿಸಿದೆ. ಈಗ ಅಮಾವಾಸ್ಯೆಗೆ ಅಲ್ಲಿ ಎರಡು ಎಡೆ ಇಡುತ್ತೇವೆ.

ಅತ್ತೆ ಆ ಬಾಗಿಲು ದಾಟಿದ್ದನ್ನು ಕಂಡವರು ನಾನು ಮತ್ತು ಆ ಒಡತಿ, ಇಬ್ಬರೇ. ಒಡತಿ ಇನ್ನೂ ಇದ್ದಾಳೆ. ಉದಗೀರದಲ್ಲೇ, ಮಗನ ಮನೆಯಲ್ಲಿ. ಕಣ್ಣು ಮಂದವಾಗಿವೆ. ಕೇಳಿದರೆ ಹೇಳುತ್ತಾಳೆ.