ಹಿಂದಕ್ಕೆ ಉರುಳಿದ ಚೆಂಡು

ಭಾವನ ಎಡಗೈ ಬೆಳ್ಳಗಿತ್ತು, ಬಲಗೈ ಕಪ್ಪಗಿತ್ತು. ಮಣಿಕಟ್ಟಿನ ಹತ್ತಿರ ದಾರ ಹಿಡಿದು ಗೆರೆ ಎಳೆದ ಹಾಗೆ ಬಣ್ಣ ಬದಲಾಗುತ್ತಿತ್ತು. ಗಾಲ್ಫ್ ಆಡುವವರು ಎಡಗೈಗೆ ಮಾತ್ರ ಗ್ಲೌಸ್ ಹಾಕುತ್ತಾರೆ. ಬಿಸಿಲೆಲ್ಲ ಇನ್ನೊಂದು ಕೈಯ ಪಾಲು. ಅವರು ಅಕ್ಕನನ್ನು ನೋಡಲು ಗುಂಡ್ಲುಪೇಟೆಯ ನಮ್ಮ ಮನೆಗೆ ಬಂದ ದಿನ, ಭೀಮನಬೀಡಿನ ಸೋದರತ್ತೆ ಕಾಫಿ ಕೊಡುವಾಗ ಆ ಕೈ ನೋಡಿ, ಒಳಗೆ ಬಂದು, "ತೊನ್ನು ಕಣಮ್ಮಿ, ಬ್ಯಾಡ ಅಂದ್ಬುಡು" ಎಂದಳಂತೆ. ಅಕ್ಕ ಬೇಡ ಅನ್ನಲಿಲ್ಲ.

ಭಾವ ಉಮ್ಮತ್ತೂರಿನವರು. ಅವರ ತಂದೆ ಮೈಸೂರಿನ ಒಂದು ಕ್ಲಬ್ಬಿನಲ್ಲಿ ಹುಲ್ಲಿಗೆ ನೀರು ಬಿಡುವ ಕೆಲಸದಲ್ಲಿದ್ದರು. ಭಾವ ಅಲ್ಲೇ ಆಟಗಾರರ ಚೀಲ ಹೊರುತ್ತ ಆಟ ಕಲಿತು, ಆಮೇಲೆ ಪಂದ್ಯ ಆಡಿಯೇ ಬದುಕುವವರಾದರು. ಇಷ್ಟು ಬರೆದು ಓದಿಕೊಂಡರೆ ಯಾವುದೋ ಸಾಧಕನ ಕಥೆ ಶುರುವಾದ ಹಾಗಿದೆ. ಅಲ್ಲ. ಭಾವ ಸಾಧಾರಣ ಆಟಗಾರ. ಪತ್ರಿಕೆಯಲ್ಲಿ ಅವರ ಹೆಸರು ಬಂದದ್ದನ್ನು ನಾನು ನೋಡಿಲ್ಲ.

ಅವರು ಯಾವ ನೆಲವನ್ನೂ ನಂಬುತ್ತಿರಲಿಲ್ಲ. ಮದುವೆ ಛತ್ರಕ್ಕೆ ಹೋದರೂ ಎಲೆಯ ಮುಂದೆ ಕೂತು ಲೋಟದ ನೀರನ್ನು ಒಂದಿಷ್ಟು ಚೆಲ್ಲಿ, ಎತ್ತ ಹರಿಯುತ್ತದೆ ನೋಡುತ್ತಿದ್ದರು. ಅಪ್ಪ ಹೊಸ ಮನೆ ಕಟ್ಟಿಸಿದಾಗ ನಡುಮನೆಯಲ್ಲಿ ಕುಕ್ಕರುಗಾಲಲ್ಲಿ ಕೂತು, "ವಾಟ ಬಾಗ್ಲು ಕಡಿಕೈತೆ ಮಾವ" ಎಂದುಬಿಟ್ಟರು. "ಚೆಂಡಾಡಕೆ ಕಟ್ಸಿಲ್ಲ ಅಳಿಯಂದ್ರೆ, ಮನಿಕ್ಕಳಕೆ ಕಟ್ಸಿರದು" ಎಂದರು ಅಪ್ಪ.

ಅಪ್ಪನದು ತರಕಾರಿ ಮಂಡಿ. ಹಂಗಳದ ಕಡೆಯಿಂದ ಬರುವ ಟೊಮೆಟೊ, ಬೀನ್ಸು, ಕೋಸು ಕೊಂಡು ಕೇರಳಕ್ಕೆ ಲಾರಿ ತುಂಬಿಸುವುದು. ಅಲ್ಲಿ ಅಪ್ಪನದೇ ಒಂದು ಕಾನೂನಿತ್ತು. ಗಲ್ಲಾದಲ್ಲಿ ಕೂರುತ್ತಿದ್ದ ಗುಮಾಸ್ತ ಒಬ್ಬನಿಗೆ ಒಂದೇ ವರ್ಷದಲ್ಲಿ ಮನೆ ಸುಟ್ಟು, ಹೆಂಡತಿ ತೀರಿಕೊಂಡಳು. ಅಪ್ಪ ಅವನಿಗೆ ಬೇಕಾದ ಸಹಾಯ ಮಾಡಿ, ಕೆಲಸದಿಂದ ಬಿಡಿಸಿದರು. ಅವನ ಮಗ ಕೇಳಿಕೊಂಡು ಬಂದಾಗ ಅವನನ್ನೂ ಸೇರಿಸಲಿಲ್ಲ. "ಆಸೆಬುರುಕನ್ನ ಗಲ್ಲಾದಲ್ಲಿ ಕೂರುಸ್ಬೋದು, ತಿದ್ಬೋದು. ಗ್ರಾಚಾರ ಕೆಟ್ಟೋನ್ನ ಕೂರುಸ್ಬಾರ್ದು. ಅದು ಮಕ್ಕಳ್ಗೂ ಅಂಟ್ತದೆ" ಎಂದು ನಮ್ಮೆಲ್ಲರ ಮುಂದೆ ಹೇಳಿದ್ದರು. ಭಾವನೂ ಅಲ್ಲೇ ಇದ್ದರು.

ಪಂದ್ಯಗಳಲ್ಲಿ ಸಿಗುವುದು ಸಾಲದೆ ಅಕ್ಕ ಮಗಳ ಜೊತೆ ನಮ್ಮ ಮನೆಗೇ ಬಂದಿದ್ದಳು. ವರ್ಷದ ಕೊನೆಯ ಪಂದ್ಯಕ್ಕೆ ಭಾವ ಹೊರಟಾಗ ಅಪ್ಪ, "ಇದೊಂದ್ಸಲ ಓಗ್ಬನ್ನಿ. ಆಗ್ನಿಲ್ಲ ಅಂದ್ರೆ ಮಂಡಿ ಐತೆ" ಎಂದರು. ಭಾವನ ಚೀಲ ಹೊರುವವನಿಗೆ ಜ್ವರ. ಆ ವಾರ ಚೀಲ ಹೊತ್ತವನು ನಾನು.

ಮೈದಾನ ದೂರದ ಊರಿನದು, ದೊಡ್ಡ ಪಂದ್ಯಕ್ಕೆಂದೇ ಹೊಸದಾಗಿ ಮಾಡಿದ್ದು. ಬಂಡೀಪುರದ ರಸ್ತೆಯ ಪಕ್ಕ ಮಳೆ ಬಿದ್ದ ಮೇಲೆ ಜಿಂಕೆ ಮೇಯುವ ಬಯಲಿನ ಹಾಗಿದೆ ಎಂದೆ.

"ಜಿಂಕೆ ನೀನೇ ಕಣ್ಲಾ" ಎಂದರು ಭಾವ. "ಪೊದೆ ಒಳಗೆ ಕುಂತಿರೋನು ಬ್ಯಾರೆ."

ಎರಡು ದಿನದಲ್ಲಿ ನನಗೂ ಅರ್ಥವಾಯಿತು. ಚೆಂಡು ಬೀಳುವ ದಾರಿ ಮೊದಮೊದಲು ಅಗಲ. ಬಲವಾಗಿ ಹೊಡೆಯುವವನ ಚೆಂಡು ಎಲ್ಲಿ ಬೀಳುತ್ತದೋ ಅಲ್ಲೇ ಕತ್ತು ಹಿಸುಕಿದ ಹಾಗೆ ಕಿರಿದು. ಅದರಾಚೆ ಪಾದ ಮುಚ್ಚುವ ಹುಲ್ಲು, ಚೆಂಡಿನ ಮೇಲೇ ನಿಂತರೂ ಕಾಣುವುದಿಲ್ಲ. ಮರಳಿನ ಹಳ್ಳಗಳನ್ನು ಹೊಡೆಯುವ ಜಾಗದಿಂದ ಕಾಣದಂತೆ ದಿಬ್ಬದ ಹಿಂದೆ ಇಟ್ಟಿದ್ದರು. ಗುಂಡಿಯ ಸುತ್ತ ನೆಲಕ್ಕೊತ್ತಿ ಕತ್ತರಿಸಿದ ಹುಲ್ಲಿಗೆ ಗ್ರೀನ್ ಅನ್ನುತ್ತಾರೆ. ಅದು ಗಾರೆ ನೆಲಕ್ಕಿಂತ ನುಣುಪು. ಬೆಳಗಾಗುವ ಮುಂಚೆ ಯಾರೋ ಬಂದು ಗುಂಡಿಯ ಜಾಗವನ್ನೇ ಬದಲಿಸಿ ಹೋಗುತ್ತಿದ್ದರು. ನಿನ್ನೆ ಕಲಿತದ್ದು ಇವತ್ತಿಗೆ ಇಲ್ಲ.

"ಇದ್ನ ಮಾಡ್ದೋನ್ಗೆ ಯಾರೂ ಎಣ್ ಕೊಡ್ಬಾರ್ದು ಕಣ್ಲಾ."

"ನಿಮ್ಗೆ ಕೊಟ್ಟಿಲ್ವಾ ಭಾವ?"

"ಅದ್ಕೇ ಏಳ್ತಿರದು. ನಿಮ್ಮಪ್ಪ ಒಂದ್ಸಲ ಮೋಸ ಓಗವ್ರೆ."

ಕೊನೆಯ ದಿನದ ಕೊನೆಯ ಗುಂಡಿ. ಐದು ಹೊಡೆತದಲ್ಲಿ ಮುಗಿಸಿದರೆ ಮುಂದಿನ ವರ್ಷವೂ ಇಂಥ ಪಂದ್ಯಗಳಲ್ಲಿ ಆಡುವ ಅರ್ಹತೆ ಉಳಿಯುತ್ತಿತ್ತು. ಆರಾದರೆ ಇಲ್ಲ. ಗ್ರೀನಿನ ಮುಂದೆ ಕಟ್ಟೆಯಷ್ಟು ನೀರು. ಎರಡನೆಯ ಹೊಡೆತಕ್ಕೇ ಅದನ್ನು ದಾಟಿಸಬಹುದೇನೋ ಎಂದು ಆಸೆ ಹುಟ್ಟುವಷ್ಟೇ ದೂರ. ಆ ದೂರವನ್ನು ಬೇಕೆಂದೇ ಹಾಗೆ ಇಟ್ಟಿದ್ದರು. ಜೊತೆಯ ಆಟಗಾರ ದಾಟಿಸಿದ, ಜನ ಚಪ್ಪಾಳೆ ತಟ್ಟಿದರು. ಭಾವ ತಲೆಯೆತ್ತಿಯೂ ನೋಡದೆ ಸಣ್ಣ ಕೋಲು ಕೇಳಿ, ನೀರಿಗೆ ಮುಂಚೆಯೇ ಚೆಂಡು ನಿಲ್ಲಿಸಿದರು. ಮೂರನೆಯದನ್ನು ನೀರಿನ ಮೇಲಿಂದ ಗ್ರೀನಿನ ಮೇಲಿಳಿಸಿ, ಇನ್ನೆರಡರಲ್ಲಿ ಗುಂಡಿಗೆ ತಳ್ಳಿದರೆ ಮುಗಿಯಿತು.

ಚೆಂಡು ಗುಂಡಿಯಲ್ಲಿ ನೆಟ್ಟ ಬಾವುಟದ ಆಚೆ, ಅವರು ಬಯಸಿದ ಜಾಗದಲ್ಲೇ ಬಿತ್ತು. ನಿಂತಿತು. ಇಲ್ಲಿ ನನ್ನ ನೆನಪನ್ನು ನಾನೇ ನಂಬುವುದಿಲ್ಲ. ನೆನೆದ ಪ್ರತಿ ಸಲವೂ ಚೆಂಡು ಇನ್ನಷ್ಟು ಹೊತ್ತು ನಿಲ್ಲುತ್ತದೆ. ಈಗೀಗ ಅದರ ಪಕ್ಕ ಕೂತು ಒಂದು ಬೀಡಿ ಸೇದಿ ಮುಗಿಸಬಹುದು ಅನ್ನುವಷ್ಟು ಹೊತ್ತು. ನಿಜದಲ್ಲಿ ರೆಪ್ಪೆ ಬಡಿಯುವಷ್ಟು ನಿಂತಿರಬೇಕು. ಆಮೇಲೆ ಹಿಂದಕ್ಕೆ ಉರುಳತೊಡಗಿತು. ಬಾವುಟದ ಪಕ್ಕದಲ್ಲೇ ಹಾದು, ಗಡ್ಡ ಹೆರೆದ ಹಾಗಿದ್ದ ಇಳಿಜಾರಿಗೆ ಬಂದು, ಅವಸರವಿಲ್ಲದೆ ನೀರಿಗೆ ಇಳಿಯಿತು. ಜನರ ಬಾಯಿಂದ ಅಯ್ಯೋ ಅನ್ನುವ ಸದ್ದು ಬಂದದ್ದು ಅದಕ್ಕಿಂತ ಮುಂಚೆ ಎಂದು ನೆನಪು. ಅದೂ ಸುಳ್ಳಿರಬಹುದು.

ದಂಡದ ಹೊಡೆತ ಸೇರಿ ಏಳಾಯಿತು. ಎಲ್ಲ ಮುಗಿದ ಮೇಲೆ ಭಾವ ಆ ಇಳಿಜಾರಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಅಂಗೈಯಿಂದ ಸವರಿದರು.

"ನಿನ್ನೆ ಇಲ್ಲಿ ಉಲ್ಲಿತ್ತು ಕಣ್ಲಾ. ಚೆಂಡು ನಿಂತ್ಕಳ್ತಿತ್ತು."

ಗುಂಡ್ಲುಪೇಟೆಯಲ್ಲಿ ಬಸ್ಸಿಳಿದು ನೇರ ಮಂಡಿಗೆ ಹೋದೆವು. ಅಪ್ಪ ಗಲ್ಲಾದಿಂದಲೇ, "ಏನಾಯ್ತು?" ಎಂದರು. "ಚೆಂಡು ಸರ್ಯಾದ ಜಾಗಕ್ಕೇ ಬಿತ್ತಪ್ಪ, ಆದ್ರೆ..." ಎಂದು ನಾನು ಶುರು ಮಾಡಿದೆ. ಭಾವ ನನ್ನ ಹೆಗಲ ಮೇಲೆ ಕೈಯಿಟ್ಟು ಒತ್ತಿದರು. ಬಿಳಿಯ ಕೈ.

"ಆಸೆ ಬಿದ್ದೆ ಮಾವ. ನೀರ್ ಮುಂಚೆ ನಿಲ್ಸಿದ್ರೆ ಸಾಕಿತ್ತು. ಒಂದೇ ಏಟ್ಗೆ ದಾಟುಸ್ಬುಡಾನ ಅಂತ ಒಡ್ದೆ. ಮುಳುಗೋಯ್ತು."

ಅಪ್ಪ ನಕ್ಕರು. ಅಳಿಯನ ಮಾತಿಗೆ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. "ಇಷ್ಟೇನಾ. ಬುದ್ಧಿ ಬಂತಲ್ಲ, ಬುಡಿ. ನಾಳಿಂದ ಇಲ್ಲಿ ಕೂತ್ಕಳಿ."

ಹೊರಗೆ ಬಂದು ನಾನು ಜಗಳಕ್ಕೇ ನಿಂತೆ. ನೀವು ಮಾಡದ ತಪ್ಪು ಯಾಕೆ ಒಪ್ಪಿಕೊಂಡಿರಿ ಎಂದೆ. ಭಾವ ಲಾರಿಗೆ ಏರುತ್ತಿದ್ದ ಕೋಸಿನ ಮೂಟೆಗಳನ್ನು ನೋಡುತ್ತಿದ್ದರು.

"ಸರ್ಯಾಗ್ ಆಡೂ ಸೋತೆ ಅಂದ್ರೆ ನಾನು ಯಾವ ಜಾತಿಗ್ ಸೇರ್ದಂಗಾಯ್ತು, ಏಳು. ಆ ಗುಮಾಸ್ತನ ಜಾತಿ. ನಾಳಿಕ್ಕೆ ನಮ್ಮುಡ್ಗಿನೂ ಅದೇ ಜಾತಿ. ನಿಂಗೆ ದಮ್ಮಯ್ಯ ಅಂತಿನಿ, ಸುಮ್ಕಿರು."

ಸುಮ್ಮನಿದ್ದೆ. ಕಥೆ ಸುಮ್ಮನಿರಲಿಲ್ಲ. ಅಪ್ಪ ಅದನ್ನು ಸಾಲ ಕೇಳಲು ಬಂದ ರೈತರಿಗೆ, ಹೆಚ್ಚು ಬೆಲೆ ಕೇಳುವ ವ್ಯಾಪಾರಿಗಳಿಗೆ, ಕೇರಳದ ಲಾರಿ ಡ್ರೈವರುಗಳಿಗೆ ಹೇಳಿದರು. "ನಮ್ಮಳಿಯಂದ್ರು ಕೆರೆ ದಾಟುಸ್ದಂಗೆ ಆಗ್ತದೆ ನೋಡು." ಡ್ರೈವರುಗಳು ನಗುತ್ತಿದ್ದರು. ಭಾವ ಗಲ್ಲಾದಿಂದೆದ್ದು, ತಕ್ಕಡಿಯ ಕೋಲು ಹಿಡಿದು, ಹೊಡೆದದ್ದು ಹೇಗೆಂದು ಅವರಿಗೆ ಮಲಯಾಳದಲ್ಲಿ ಅಭಿನಯಿಸಿ ತೋರಿಸುತ್ತಿದ್ದರು. ಬರಬರುತ್ತ ಅದಕ್ಕೊಂದು ಎದುರುಗಾಳಿ ಸೇರಿತು, ಒಂದು ಮರವೂ ಬಂತು. ಕೊನೆಯ ವರ್ಷಗಳಲ್ಲಿ ನಾವಿಬ್ಬರೇ ಇದ್ದಾಗಲೂ "ಅವತ್ತು ದಾಟುಸ್ಬಾರದಿತ್ತು ಕಣ್ಲಾ" ಎನ್ನುತ್ತಿದ್ದರು. ತಮಾಷೆಯೋ, ನಂಬಿಕೆಯೋ, ಕೇಳುವ ಧೈರ್ಯವಾಗಲಿಲ್ಲ. ಅವರು ಆಡಿದ ಅತ್ಯುತ್ತಮ ಹೊಡೆತವನ್ನು ಅವರೇ ಅಳಿಸಿ ಹಾಕಿದ್ದರು. ನಮ್ಮವರಲ್ಲಿ ಅದನ್ನು ನೋಡಿದವನು ಈಗ ನಾನೊಬ್ಬನೇ, ನನ್ನ ನೆನಪು ಎಂಥದೆಂದು ಮೇಲೇ ಹೇಳಿದ್ದೇನೆ.

ಹೋದ ವರ್ಷ ಮಂಡಿಯಲ್ಲೇ ಟೊಮೆಟೊ ಕ್ರೇಟಿನ ಮೇಲೆ ಕೂತಿದ್ದ ಭಾವ ಪಕ್ಕಕ್ಕೆ ವಾಲಿದರು. ಆಸ್ಪತ್ರೆ ಮುಟ್ಟುವ ಮುಂಚೆ ಮುಗಿದಿತ್ತು. ಸಮಾಧಿಗೆ ಕೂರಿಸುವ ಮುನ್ನ ಅವರ ಕೈ ನೋಡಿದೆ. ಎರಡೂ ಒಂದೇ ಬಣ್ಣ, ನೆರಳಲ್ಲಿ ಕೂತವರ ಬಣ್ಣ. ಇಲ್ಲ, ಎಡಗೈ ಇನ್ನೂ ಒಂದಿಷ್ಟು ಬೆಳ್ಳಗಿತ್ತು ಅನ್ನುತ್ತಾಳೆ ಅಕ್ಕ.

ಈಗ ಗಲ್ಲಾದಲ್ಲಿ ಅವರ ಮಗಳು ಕೂರುತ್ತಾಳೆ, ಬಿ.ಕಾಂ. ಮುಗಿಸಿ. ಅಪ್ಪನಿಗೆ ಕಣ್ಣು ಮಂಜು, ಕಿವಿ ಮಾತ್ರ ಚುರುಕು. ಅದಕ್ಕೇ ಇದನ್ನು ಹೇಳುತ್ತಿಲ್ಲ, ಬರೆಯುತ್ತಿದ್ದೇನೆ. ಮೊನ್ನೆ ಮಂಡಿಗೆ ಹೋದಾಗ ಅಪ್ಪ ಅವಳ ಹಿಂದಿನ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಅವಳು ಫೋನು ಕೆಳಗಿಟ್ಟು ನನ್ನನ್ನು ಕೇಳಿದಳು:

"ಮಾವ, ಈ ಆಟ ಮೊಬೈಲಲ್ಲಿ ನೋಡ್ತಾ ಇದ್ದೆ. ಐದರಲ್ಲಿ ಮುಗುಸಿದ್ರೆ ಸಾಕು ಅಂತಿದ್ದೋರು ಎರಡನೇದ್ರಲ್ಲೇ ಯಾಕೆ ದಾಟ್ಸಕೋಗ್ತಾರೆ? ನಮ್ಮಪ್ಪ ಅಷ್ಟು ಪೆದ್ರಾಗಿದ್ರಾ?"

ಅಪ್ಪ ಕಣ್ಣು ಬಿಡಲಿಲ್ಲ. "ಅವ್ಳಿಗೆ ಏಳ್ಲಾ" ಎಂದರು. "ಚೀಲ ಒತ್ತಿದ್ದು ನೀನೇ ಅಲ್ವಾ."

ಚೆಂಡು ಮತ್ತೆ ನಿಂತಿತು, ಬಾವುಟದ ಆಚೆ.

"ಆಸೆ ಕಣಮ್ಮಿ" ಎಂದೆ. "ಬರೀ ಆಸೆ."

ಅಪ್ಪ ತಲೆಯಾಡಿಸಿದರು. ಅವಳು ನನ್ನನ್ನು ಒಂದು ಗಳಿಗೆ ನೋಡಿ, ಗಲ್ಲಾಪೆಟ್ಟಿಗೆಯನ್ನು ತನ್ನ ಕಡೆಗೆ ಎಳೆದುಕೊಂಡಳು.